ನಡುವಿನ ಸಂಪುಟಕ್ಕೆ ಬಂದ ದೂರುಗಳು

(ಶಿವಮೊಗ್ಗದ ಓದುಗರ ಕೂಟವೊಂದರಲ್ಲಿ ಆಷಾಢದ ಒಂದು ಭಾನುವಾರ ಆಡಿದ ಮಾತುಗಳ ಬರಹ ರೂಪ. ಮಾತಿನಲ್ಲಿ ಹಿಂದುಮುಂದಾಗಿದ್ದ ಕೆಲವು ಸಂಗತಿಗಳನ್ನು ಬರೆಯುವಾಗ ಸರಿಪಡಿಸಿಕೊಂಡಿದ್ದೇನೆ.)

ಸ್ನೇಹಿತರೇ,

ಹದಿನಾಲ್ಕು ಸಂಪುಟಗಳ ಒಂದು ಇಂಗ್ಲಿಷ್ ಕಥಾಸರಣಿಯನ್ನು ತಿಂಗಳಿಗೊಂದರಂತೆ ಓದಿ ಕನ್ನಡದಲ್ಲಿ ಚರ್ಚಿಸುವುದೆಂದು ನಮ್ಮ ಕೂಟ ತೀರ್ಮಾನಿಸಿದ ದಿನವೇ, ಹತ್ತನೆಯ ತಿಂಗಳು ಜಗಳದ ತಿಂಗಳಾಗುತ್ತದೆಂದು ನಾನು ಊಹಿಸಿದ್ದೆ. ಆ ಊಹೆಗೆ ಜ್ಞಾನದೃಷ್ಟಿಯೇನೂ ಬೇಕಾಗಿರಲಿಲ್ಲ. ಕಾಲೇಜೊಂದರ ಗ್ರಂಥಾಲಯದಲ್ಲಿ ಬಹಳ ವರ್ಷ ಪುಸ್ತಕ ಕೊಟ್ಟು ಪುಸ್ತಕ ತೆಗೆದುಕೊಂಡವನು ನಾನು. ಕೊನೆಯ ಹಾಳೆಗೆ ಅಂಟಿಸಿದ ದಿನಾಂಕದ ಚೀಟಿಯನ್ನು ನೋಡಿಯೇ ಓದುಗರು ಎಲ್ಲಿ ಓಡಿದರು, ಎಲ್ಲಿ ಏದುಸಿರು ಬಿಟ್ಟರು, ಎಲ್ಲಿ ಕುಳಿತುಬಿಟ್ಟರು ಎಂದು ಹೇಳಬಲ್ಲೆ. ದೊಡ್ಡ ಸರಣಿಗಳ ಮೊದಲ ಸಂಪುಟದಲ್ಲಿ ಚೀಟಿಯ ಮೇಲೆ ಚೀಟಿ ಅಂಟಿಸಿ ಅದು ರಟ್ಟಿನಷ್ಟು ದಪ್ಪವಾಗಿರುತ್ತಿತ್ತು. ಕೊನೆಯ ಸಂಪುಟದಲ್ಲಿಯೂ ಮೊಹರುಗಳಿಗೆ ಬರವಿರಲಿಲ್ಲ. ನಡುವಿನ ಸಂಪುಟಗಳಲ್ಲಿ ಮಾತ್ರ ನೇರಳೆ ಶಾಯಿಯ ನಾಲ್ಕೈದು ಮೊಹರು, ಒಂದರಿಂದ ಇನ್ನೊಂದಕ್ಕೆ ತಿಂಗಳುಗಟ್ಟಲೆ ಅಂತರ. ನಡುವನ್ನು ಹಾರಿ ನೇರವಾಗಿ ಕೊನೆಗೆ ಹೋದವರು ಎಷ್ಟು ಮಂದಿಯೋ, ಅದನ್ನು ಯಾವ ಓದುಗನೂ ಗ್ರಂಥಪಾಲಕನ ಎದುರು ಒಪ್ಪಿಕೊಳ್ಳುವುದಿಲ್ಲ.

ನಾವು ಓದುತ್ತಿರುವುದು ರಾಬರ್ಟ್ ಜೋರ್ಡನ್ ಅವರ ‘ದಿ ವೀಲ್ ಆಫ್ ಟೈಮ್’ ಸರಣಿ. ಇದರ ಮೊದಲ ಸಂಪುಟ 1990ರಲ್ಲಿ ಬಂತು, ಹದಿನಾಲ್ಕನೆಯದು 2013ರಲ್ಲಿ. 2007ರಲ್ಲಿ ಜೋರ್ಡನ್ ತೀರಿಕೊಂಡ ಮೇಲೆ ಅವರ ಪತ್ನಿಯೂ ಸರಣಿಯ ಸಂಪಾದಕಿಯೂ ಆದ ಹ್ಯಾರಿಯೆಟ್ ಮೆಕ್‌ಡೂಗಲ್ ಅವರು ಬ್ರ್ಯಾಂಡನ್ ಸ್ಯಾಂಡರ್ಸನ್ ಎಂಬ ಕಿರಿಯ ಲೇಖಕರನ್ನು ಆರಿಸಿ, ಉಳಿದ ಟಿಪ್ಪಣಿಗಳನ್ನೂ ಬರೆದಿಟ್ಟ ಭಾಗಗಳನ್ನೂ ಅವರ ಕೈಗೆ ಒಪ್ಪಿಸಿ, ಕೊನೆಯ ಮೂರು ಸಂಪುಟಗಳನ್ನು ಮಾಡಿಸಿದರು. ಇಂದಿನ ನನ್ನ ಮಾತು 2003ರ ಜನವರಿಯಲ್ಲಿ ಪ್ರಕಟವಾದ ಹತ್ತನೆಯ ಸಂಪುಟ ‘ಕ್ರಾಸ್‌ರೋಡ್ಸ್ ಆಫ್ ಟ್ವಿಲೈಟ್’ ಕುರಿತದ್ದು. ಅದಕ್ಕಿಂತಲೂ ಹೆಚ್ಚಾಗಿ, ಅದನ್ನು ಓದಿದವರು ಅದರ ಮೇಲೆ ಹೊರಿಸಿದ ದೂರುಗಳನ್ನು ಕುರಿತದ್ದು. ಏಳೆಂಟನೆಯ ಸಂಪುಟದಿಂದ ಹತ್ತರವರೆಗಿನ ಹಾದಿಗೆ ಇಂಗ್ಲಿಷ್ ಓದುಗರು ‘ಸ್ಲಾಗ್’ ಎಂದು ಹೆಸರಿಟ್ಟಿದ್ದಾರೆ, ಅಂದರೆ ಕೆಸರಿನಲ್ಲಿ ಕಾಲೆಳೆದುಕೊಂಡು ನಡೆಯುವ ನಡಿಗೆ. ಹೂಟಿಯಾದ ಗದ್ದೆಯಲ್ಲಿ ನಾಟಿಗೆ ಇಳಿದವರ ಮುಂದೆ ಈ ಪದವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸರಣಿಯನ್ನು ಓದದವರಿಗಾಗಿ ಕಥೆ ನಿಂತಿರುವ ಜಾಗವನ್ನು ಸ್ವಲ್ಪ ತಿಳಿಸಬೇಕು. ಆ ಲೋಕವನ್ನು ನಡೆಸುವ ಶಕ್ತಿಗೆ ಎರಡು ಭಾಗಗಳಿದ್ದು, ಗಂಡಸರು ಬಳಸುವ ಭಾಗಕ್ಕೆ ಸಾವಿರಾರು ವರ್ಷಗಳಿಂದ ಕೊಳೆ ಹತ್ತಿದೆ. ಅದನ್ನು ಮುಟ್ಟಿದ ಗಂಡಸರು ಕಾಲಕ್ರಮದಲ್ಲಿ ಹುಚ್ಚರಾಗುತ್ತಾರೆ. ಒಂಬತ್ತನೆಯ ಸಂಪುಟವಾದ ‘ವಿಂಟರ್ಸ್ ಹಾರ್ಟ್’ನ ಕೊನೆಯಲ್ಲಿ ಕಥಾನಾಯಕ ರಾಂಡ್ ಆ ಕೊಳೆಯನ್ನು ತೊಳೆದುಬಿಡುತ್ತಾನೆ. ಸರಣಿಯ ಉದ್ದಕ್ಕೂ ಇಷ್ಟು ದೊಡ್ಡ ಘಟನೆ ನಡೆದದ್ದು ಕಡಿಮೆ. 2000ದ ನವೆಂಬರಿನಲ್ಲಿ ಅದನ್ನು ಓದಿ ಮುಗಿಸಿದವರು ಎರಡು ವರ್ಷ ಎರಡು ತಿಂಗಳು ಒಂದೇ ಪ್ರಶ್ನೆಯನ್ನು ಹೊತ್ತುಕೊಂಡಿದ್ದರು: ಮುಂದೇನು? ಹತ್ತನೆಯ ಸಂಪುಟವು ಆ ಪ್ರಶ್ನೆಗೆ ಉತ್ತರ ಹೇಳುವ ಬದಲು ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸುತ್ತದೆ. ರಾಂಡ್ ಅಲ್ಲಿ ಆ ಕೆಲಸ ಮಾಡುತ್ತಿದ್ದಾಗ ಉಳಿದವರೆಲ್ಲ ಎಲ್ಲೆಲ್ಲಿದ್ದರು, ಏನೇನು ಮಾಡುತ್ತಿದ್ದರು ಎಂಬುದನ್ನು ಒಬ್ಬೊಬ್ಬರ ಕಡೆಯಿಂದ ಹೇಳುತ್ತ ಹೋಗುತ್ತದೆ. ಅಪಹರಣಕ್ಕೊಳಗಾದ ಹೆಂಡತಿಯನ್ನು ಹುಡುಕುತ್ತಿರುವ ಪೆರಿನ್, ಊರೂರು ಅಲೆಯುವ ಪ್ರದರ್ಶನದ ತಂಡವೊಂದರ ಜೊತೆ ಸಾಗುತ್ತಿರುವ ಮ್ಯಾಟ್, ಮುತ್ತಿಗೆಗೆ ಸಿಕ್ಕ ನಗರದಲ್ಲಿ ಸಿಂಹಾಸನಕ್ಕಾಗಿ ಬೆಂಬಲ ಕೂಡಿಸುತ್ತಿರುವ ಗರ್ಭಿಣಿ ಇಲೇನ್, ಇನ್ನೊಂದು ನಗರಕ್ಕೆ ತಾನೇ ಮುತ್ತಿಗೆ ಹಾಕಿ ಕುಳಿತಿರುವ ಎಗ್ವೇನ್. ಶಕ್ತಿಯನ್ನು ಬಳಸಬಲ್ಲ ಹೆಂಗಸರಿಗೆಲ್ಲ ದೂರದಲ್ಲೆಲ್ಲೋ ಒಂದು ಮಹಾಜ್ವಾಲೆ ಎದ್ದಂತೆ ಅನಿಸುತ್ತದೆ. ಅದು ಏನೆಂದು ಅವರಿಗೆ ತಿಳಿಯದು. ನಾಯಕನೆನಿಸಿದ ರಾಂಡ್ ಈ 600ಕ್ಕೂ ಹೆಚ್ಚು ಪುಟಗಳಲ್ಲಿ ಕಾಣಿಸಿಕೊಳ್ಳುವುದು ಬೆರಳೆಣಿಕೆಯ ಪುಟಗಳಲ್ಲಿ.

ನಮ್ಮ ಕೂಟದ ಅಭಿಪ್ರಾಯಗಳಿಗೆ ಬರುತ್ತೇನೆ. ಇಂಜಿನಿಯರಿಂಗ್ ಓದುತ್ತಿರುವ ನಮ್ಮ ಕಿರಿಯ ಸದಸ್ಯರೊಬ್ಬರು ಪ್ರತಿ ಅಧ್ಯಾಯದಲ್ಲಿ ನಡೆದದ್ದನ್ನು ಒಂದೊಂದು ಸಾಲಿನಲ್ಲಿ ಬರೆದ ಹಾಳೆಯನ್ನು ಕಳೆದ ಸಭೆಗೆ ತಂದಿದ್ದರು. ಇಲೇನ್‌ಳ ಒಂದು ಅಧ್ಯಾಯದ ಎದುರು ‘ಸ್ನಾನ, ಚಹಾ, ಮಾತು’ ಎಂದಿತ್ತು. ಮುಂದಿನದರ ಎದುರು ‘ಚಹಾ, ಮಾತು’. ಇನ್ನೊಂದು ಕಡೆ ಬರೀ ‘ಮೇಲಿನಂತೆ’. ಎಲ್ಲರೂ ನಕ್ಕೆವು, ನಗದೇ ಇರಲು ಸಾಧ್ಯವೂ ಇರಲಿಲ್ಲ. ಆದರೆ ಹೊಸನಗರದ ಕಡೆಯಿಂದ ಬರುವ, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾಗಿ ಈಗ ಗದ್ದೆ-ತೋಟ ನೋಡಿಕೊಳ್ಳುತ್ತಿರುವ ನಮ್ಮ ಅಕ್ಕನವರು ನಗಲಿಲ್ಲ. ಅವರು ಆ ಹಾಳೆಯನ್ನು ಇಸಿದುಕೊಂಡು, ಪೆರಿನ್‌ನ ಒಂದು ಅಧ್ಯಾಯದ ಎದುರು ‘ಧಾನ್ಯ ಖರೀದಿ’ ಎಂದು ಬರೆದಿದ್ದ ಕಡೆ ಬೆರಳಿಟ್ಟು, “ತಮ್ಮಾ, ಇದನ್ನು ನೀನು ಓದಲೇ ಇಲ್ಲ” ಎಂದರು.

ಆ ಭಾಗ ಹೀಗಿದೆ. ಪೆರಿನ್‌ನ ದೊಡ್ಡ ದಂಡಿಗೆ ಆಹಾರ ತೀರುತ್ತ ಬಂದಿದೆ. ಸೋ ಹಾಬರ್ ಎಂಬ ಊರಿಗೆ ಧಾನ್ಯ ಕೊಳ್ಳಲು ಹೋದರೆ, ಊರಿನ ಜನ ಮೈ ತೊಳೆಯದೆ, ಬಟ್ಟೆ ಒಗೆಯದೆ, ಯಾವುದೋ ಭಯದಲ್ಲಿ ಮುದುಡಿಕೊಂಡಿದ್ದಾರೆ. ಊರಿನಲ್ಲಿ ಸತ್ತವರು ಓಡಾಡುತ್ತಾರಂತೆ. ಕಣಜಗಳಲ್ಲಿ ಧಾನ್ಯವೇನೋ ಇದೆ, ಆದರೆ ಹುಳು ಹಿಡಿದಿದೆ. ಬಿಟ್ಟು ಹೋಗುವಂತಿಲ್ಲ, ಹಾಗೆಯೇ ಒಯ್ಯುವಂತಿಲ್ಲ. ಅಕ್ಕನವರ ಮಾತನ್ನು ಅವರದೇ ಧಾಟಿಯಲ್ಲಿ ಹೇಳುವುದಾದರೆ: “ಒಂಬತ್ತು ಪುಸ್ತಕ ಪೂರ್ತಿ ದಂಡು ಆ ಕಡೆ ಹೋಯ್ತು, ಈ ಕಡೆ ಹೋಯ್ತು. ಅಷ್ಟೂ ಜನಕ್ಕೆ ಅನ್ನ ಯಾರು ಹಾಕಿದ್ರು ಅಂತ ನನಗೆ ಮೊದಲಿಂದ ಯೋಚನೆ. ಇಲ್ಲಿ ಒಬ್ಬ ಚೀಲಕ್ಕೆ ಕೈ ಹಾಕಿ ನೋಡಿದ.” ಆಮೇಲೆ ಅವರು ಮಳೆಗಾಲದ ಅಕ್ಕಿಯ ವಿಚಾರಕ್ಕೆ ಬಂದರು. ಆಷಾಢದಲ್ಲಿ ಅಂಗಳಕ್ಕೆ ಬಿಸಿಲು ಬೀಳುವುದಿಲ್ಲ. ಡಬ್ಬದ ಮುಚ್ಚಳ ತೆಗೆದರೆ ಅಂಚಿನಲ್ಲಿ ಕಪ್ಪಗೆ ಸಾಲುಗಟ್ಟಿರುತ್ತವೆ. ಮೊರದಲ್ಲಿ ಹಾಕಿ ಕೇರಿದರೆ ಹುಳು ಅಕ್ಕಿಯ ಜೊತೆಯೇ ಕುಣಿದು ಮತ್ತೆ ಮೊರಕ್ಕೇ ಬೀಳುತ್ತದೆ, ಟೊಳ್ಳಾದ ಕಾಳು ಮಾತ್ರ ಹಾರಿಹೋಗುತ್ತದೆ. ಕೊನೆಗೆ ಜರಡಿ ಹಿಡಿದು, ಉಳಿದದ್ದನ್ನು ಕೈಯಲ್ಲಿ ಆರಿಸುತ್ತ ಒಂದು ಮಧ್ಯಾಹ್ನವೇ ಹೋಗುತ್ತದೆ. ಆ ಮಧ್ಯಾಹ್ನಗಳನ್ನು ಗೊತ್ತಿದ್ದವರಿಗೆ ಸೋ ಹಾಬರ್ ಪ್ರಸಂಗದಲ್ಲಿ ಏನೂ ನಡೆಯುವುದಿಲ್ಲವೆಂದು ಅನಿಸುವುದಿಲ್ಲ ಎಂಬುದು ಅವರ ವಾದ. ದೆವ್ವಗಳಿಗಿಂತ ಹುಳುವಿನ ಭಯವೇ ಆ ಅಧ್ಯಾಯದಲ್ಲಿ ದೊಡ್ಡದೆಂದೂ ಅವರು ಸೇರಿಸಿದರು, ಅದು ಸರಿಯೆಂದು ನನಗೂ ತೋರುತ್ತದೆ.

‘ಏನೂ ನಡೆಯುವುದಿಲ್ಲ’ ಎಂಬ ದೂರು ಹಾಗಾದರೆ ಎಲ್ಲಿಂದ ಬರುತ್ತದೆ? ಅದರ ಹಿಂದೆ ಬಹಳ ಸಲ ‘ನಾನು ಕಾದಿದ್ದದ್ದು ನಡೆಯಲಿಲ್ಲ’ ಎಂಬ ಇನ್ನೊಂದು ಮಾತು ಅಡಗಿರುತ್ತದೆ. ವಾರಪತ್ರಿಕೆಗಳಲ್ಲಿ ಧಾರಾವಾಹಿ ಓದಿ ಬೆಳೆದ ನಮ್ಮ ತಲೆಮಾರಿನವರಿಗೆ ಇದು ಹೊಸ ಅನುಭವವಲ್ಲ. ಕಂತಿನ ಕೊನೆಯಲ್ಲಿ ಕಂಸದೊಳಗೆ ‘ಸಶೇಷ’ ಎಂದು ಅಚ್ಚಾಗಿರುತ್ತಿತ್ತು. ನಾಯಕಿ ಬಾಗಿಲು ತೆರೆಯುವಲ್ಲಿಗೆ ಕಂತು ಮುಗಿದಿದ್ದರೆ, ಮುಂದಿನ ವಾರ ಬಾಗಿಲಿನ ಆಚೆ ಯಾರೆಂದು ಹೇಳದೆ ಅವಳ ತವರಿನ ಕಥೆ ಶುರುವಾದಾಗ ನಾವು ಪತ್ರಿಕೆಯನ್ನು ಎಸೆದದ್ದೂ ಉಂಟು. ಅದೇ ಕಾದಂಬರಿ ಪುಸ್ತಕವಾಗಿ ಬಂದಾಗ ಆ ತವರಿನ ಭಾಗವನ್ನೇ ಮೆಚ್ಚಿ ಓದಿದ್ದೇವೆ. ಅಕ್ಷರ ಒಂದೂ ಬದಲಾಗಿರುವುದಿಲ್ಲ. ಕಾಯುವ ವಾರ ಮಾತ್ರ ಇರುವುದಿಲ್ಲ. 2003ರಲ್ಲಿ ಈ ಹತ್ತನೆಯ ಸಂಪುಟವನ್ನು ಬಿಸಿಬಿಸಿಯಾಗಿ ಕೊಂಡವರು ಎರಡು ವರ್ಷ ಕಾದು ಇದನ್ನು ಪಡೆದರು, ಮತ್ತು ಹನ್ನೊಂದನೆಯದಕ್ಕಾಗಿ 2005ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು. ಒಟ್ಟು ಐದು ವರ್ಷದ ಹಸಿವಿಗೆ ಒಂದೇ ಊಟ, ಅದರಲ್ಲಿಯೂ ಹುಳು ಹಿಡಿದ ಧಾನ್ಯ. ಅವರ ಸಿಟ್ಟನ್ನು ನಾನು ಅನುಮಾನಿಸುವುದಿಲ್ಲ. ನಾವಾದರೋ ಒಂಬತ್ತನ್ನು ಜ್ಯೇಷ್ಠದಲ್ಲಿ ಮುಗಿಸಿ ಹತ್ತನ್ನು ಆಷಾಢದಲ್ಲಿ ಓದಿದವರು, ಹನ್ನೊಂದು ಶ್ರಾವಣಕ್ಕೆ ಬರುತ್ತದೆಂದು ಗೊತ್ತಿದ್ದವರು.

ಪ್ರಕಟಣೆಯ ರೀತಿಯೇ ನಡುವಿನ ಸಂಪುಟವೊಂದನ್ನು ಹುಟ್ಟಿಸುವುದೂ ಉಂಟು. ಟೋಲ್ಕಿನ್ ಅವರು ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಅನ್ನು ಬರೆದದ್ದು ಒಂದೇ ಕೃತಿಯೆಂದು. ಯುದ್ಧಾನಂತರದ ದಿನಗಳಲ್ಲಿ ಕಾಗದ ದುಬಾರಿಯಾಗಿದ್ದರಿಂದ ಪ್ರಕಾಶಕರು ಅದನ್ನು ಮೂರಾಗಿ ಕತ್ತರಿಸಿದರು. ಎರಡನೆಯದು 1954ರ ನವೆಂಬರಿನಲ್ಲಿ ಬಂತು, ಮೂರನೆಯದಕ್ಕೆ ಸುಮಾರು ಹನ್ನೊಂದು ತಿಂಗಳು ಹಿಡಿಯಿತು. ಆ ನಡುವಿನ ಸಂಪುಟಕ್ಕೆ ಆದಿಯಿಲ್ಲ, ಅಂತ್ಯವಿಲ್ಲ ಎಂಬ ಆಕ್ಷೇಪವೆಲ್ಲ ಕತ್ತರಿಗೆ ಸಲ್ಲಬೇಕಾದದ್ದು, ಲೇಖಕರಿಗಲ್ಲ. ಮುಂದೆ ಎರಡನೆಯ ಆವೃತ್ತಿಯ ಮುನ್ನುಡಿಯಲ್ಲಿ ಟೋಲ್ಕಿನ್ ಒಂದು ಸ್ವಾರಸ್ಯದ ಸಂಗತಿಯನ್ನು ಹೇಳುತ್ತಾರೆ: ತಮಗೆ ಬಂದ ಪತ್ರಗಳನ್ನು ನೋಡಿದರೆ ಕೆಲವರು ಕಳಂಕವೆಂದ ಭಾಗಗಳನ್ನೇ ಬೇರೆ ಕೆಲವರು ವಿಶೇಷವಾಗಿ ಮೆಚ್ಚಿದ್ದಾರಂತೆ. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಸರಣಿಯಲ್ಲಿ ಇನ್ನೊಂದು ಬಗೆ. ಬೆಳೆದುಹೋದ ಹಸ್ತಪ್ರತಿಯನ್ನು ಅವರು ಕಾಲದ ಬದಲು ಸ್ಥಳಕ್ಕೆ ಅನುಸಾರವಾಗಿ ಎರಡು ಮಾಡಿದರು. 2005ರ ನಾಲ್ಕನೆಯ ಸಂಪುಟದಲ್ಲಿ ಓದುಗರ ಅಚ್ಚುಮೆಚ್ಚಿನ ಹಲವರು ಇರಲಿಲ್ಲ. ಅವರು ಮತ್ತೆ ಸಿಕ್ಕಿದ್ದು 2011ರ ಐದನೆಯದರಲ್ಲಿ. ಎರಡೂ ಕೈಗೆ ಬಂದ ಮೇಲೆ ಓದುಗರು ತಾವೇ ಕುಳಿತು ಎರಡು ಸಂಪುಟಗಳ ಅಧ್ಯಾಯಗಳನ್ನು ಹೆಣೆದು ಒಂದು ಓದಿನ ಕ್ರಮವನ್ನು ಮಾಡಿಕೊಂಡರು. ದೂರಿನ ಜೊತೆ ದುರಸ್ತಿಯನ್ನೂ ಮಾಡಿದ ಇಂಥ ಓದುಗರ ಬಗ್ಗೆ ನನಗೆ ಗೌರವವಿದೆ.

ಹಾಗೆಂದು ಎಲ್ಲ ದೂರನ್ನೂ ಕಾಯುವಿಕೆಯ ತಲೆಗೆ ಕಟ್ಟಿ ಪುಸ್ತಕವನ್ನು ಬಿಡಿಸಿಕೊಂಡು ಬರುವ ಉದ್ದೇಶ ನನಗಿಲ್ಲ. ಕಾಯದೆ ಓದಿದ ನಮ್ಮಲ್ಲಿಯೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಬೇಸರವಾಯಿತು. ಈ ಪುಸ್ತಕದಲ್ಲಿ ಒಂದು ನಿಜವಾದ ದೋಷವಿದೆ, ಅದು ನಿಧಾನಗತಿಯಲ್ಲ. ಅದು ಎಲ್ಲಿದೆಯೆಂದು ನನಗೆ ತೋರಿಸಿಕೊಟ್ಟದ್ದು ಒಂದು ಕಳೆದುಹೋದ ಪುಸ್ತಕ.

ನಾನು ಕೆಲಸದಲ್ಲಿದ್ದಾಗ ಯಾರೋ ಪುಣ್ಯಾತ್ಮರು ಈ ಸರಣಿಯ ಅಲ್ಲಿಯವರೆಗಿನ ಸಂಪುಟಗಳನ್ನು ನಮ್ಮ ಗ್ರಂಥಾಲಯಕ್ಕೆ ದಾನ ಕೊಟ್ಟಿದ್ದರು. ಪೆಟ್ಟಿಗೆ ಬಿಚ್ಚಿ ಜೋಡಿಸಿದಾಗ ಒಂಬತ್ತನೆಯದು ಇರಲಿಲ್ಲ. ಕೊಳ್ಳೋಣವೆಂದು ಬರೆದ ಟಿಪ್ಪಣಿ ಮೇಜಿನಿಂದ ಮೇಜಿಗೆ ತಿರುಗಿ, ಕಥೆಪುಸ್ತಕಕ್ಕೆ ಅನುದಾನವಿಲ್ಲವೆಂಬ ಷರಾದೊಂದಿಗೆ ನನ್ನ ಮೇಜಿಗೇ ಮರಳಿತು. ಬಿ.ಎಸ್ಸಿ. ಓದುತ್ತಿದ್ದ ಒಬ್ಬ ಹುಡುಗಿ ಎಂಟರವರೆಗೆ ಓದಿ, ಒಂಬತ್ತಕ್ಕಾಗಿ ಎರಡು ವಾರ ನನ್ನನ್ನು ಕಾಡಿ, ಕೊನೆಗೆ ಹತ್ತನ್ನೇ ತೆಗೆದುಕೊಂಡು ಹೋದಳು. ಹಿಂದಿರುಗಿಸುವಾಗ ಅವಳ ಮೊದಲ ಪ್ರಶ್ನೆ: “ಸಾರ್, ಅದು ಯಾವ ಬೆಳಕು?” ಆ ಮಹಾಜ್ವಾಲೆಯನ್ನು ಅವಳು ಪೆರಿನ್‌ನ ಶಿಬಿರದಿಂದ, ಇಲೇನ್‌ಳ ನಗರದಿಂದ, ಎಗ್ವೇನ್‌ಳ ಗುಡಾರದಿಂದ, ಅವರಿಗೆ ಅರಿವಾದಷ್ಟು ಮಾತ್ರ ಅರಿತಿದ್ದಳು. ವೈರಿಗಳ ಹೊಸ ಅಸ್ತ್ರವೇ, ಲೋಕದ ಕೊನೆಯೇ, ಒಳ್ಳೆಯದೇ, ಕೆಟ್ಟದ್ದೇ ಎಂದು ಅವಳೂ ಪಾತ್ರಗಳ ಜೊತೆ ತರ್ಕಿಸಿದ್ದಳು. ಸರಣಿಯಲ್ಲಿ ತನಗೆ ಅತಿ ಹೆಚ್ಚು ಹಿಡಿಸಿದ್ದು ಇದೇ ಎಂದಳು. ಹತ್ತನೆಯ ಸಂಪುಟವನ್ನು ಹಾಗೆ ಹೇಳಿದ ಓದುಗರು ನನಗೆ ಆ ಮೊದಲೂ ಸಿಕ್ಕಿರಲಿಲ್ಲ, ಆಮೇಲೂ ಸಿಕ್ಕಿಲ್ಲ. ನಾನು ಉತ್ತರ ಹೇಳಲಿಲ್ಲ. ಬೆಂಗಳೂರಿಗೆ ಹೋದಾಗ ಹಳೆಯ ಪುಸ್ತಕದಂಗಡಿಯಲ್ಲಿ ಹುಡುಕೆಂದು ಹೇಳಿ ಕಳಿಸಿದೆ.

ಈ ಅಪಘಾತದ ಓದು ದೋಷವನ್ನು ಹೊರಗೆಳೆದು ಇಡುತ್ತದೆ. ಕ್ರಮವಾಗಿ ಓದಿ ಬಂದವರಿಗೆ ಆ ಬೆಳಕು ಏನೆಂದು ಗೊತ್ತು. ಪಾತ್ರಗಳಿಗೆ ಗೊತ್ತಿಲ್ಲ. ಹೀಗಾಗಿ ಒಂದಾದ ಮೇಲೊಂದು ಅಧ್ಯಾಯದಲ್ಲಿ ಜನ ಎದ್ದು ನಿಂತು ದಿಗಂತದ ಕಡೆ ನೋಡಿ ಗಾಬರಿಗೊಳ್ಳುವಾಗ, ಉತ್ತರ ಗೊತ್ತಿರುವ ಓದುಗ ಆಕಳಿಸುತ್ತ ಕುಳಿತಿರುತ್ತಾನೆ. ಲೇಖಕರು ಮಾಡಿದ ಪ್ರಯೋಗದ ಆಸೆ ದೊಡ್ಡದು: ಒಂದೇ ಗಳಿಗೆಯನ್ನು ಲೋಕದ ನಾಲ್ಕೂ ಮೂಲೆಗಳಿಂದ ತೋರಿಸುವುದು. ಆದರೆ ಕೇಂದ್ರವನ್ನು ಮೊದಲು ತೋರಿಸಿ ಅಂಚುಗಳನ್ನು ಆಮೇಲೆ ತೋರಿಸಿದ್ದರಿಂದ ಅಂಚಿನವರ ಆತಂಕವೆಲ್ಲ ಹಳಸಿದ ಅನ್ನವಾಯಿತು. ಸರಣಿಯ ಒಂಬತ್ತು ಮತ್ತು ಹತ್ತನ್ನು ಅದಲುಬದಲು ಮಾಡಿ ಓದಿದರೆ ಹೇಗೆ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಪೂರ್ತಿಯಾಗಿ ಹೊಂದುವುದಿಲ್ಲ, ಪೆರಿನ್‌ನ ಕಥೆಯ ಎಳೆ ಹರಿದುಹೋಗುತ್ತದೆ. ಆದರೂ ಯಾರಾದರೂ ಧೈರ್ಯ ಮಾಡಿದರೆ ಅವರ ಅಭಿಪ್ರಾಯ ಕೇಳಲು ನನಗೆ ಕುತೂಹಲವಿದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಕಳೆದ ಸಭೆಯಲ್ಲಿ ಬಂದೂ ಬಂತು. ಕೊನೆ ಗೊತ್ತಿರುವ ಕಥೆಯನ್ನು ರಾತ್ರಿಯಿಡೀ ಕೇಳುವ ಜನ ನಾವು. ನಮ್ಮ ಊರಿನಿಂದ ಕೂಗಳತೆಗಿಂತ ಸ್ವಲ್ಪ ದೂರದಲ್ಲಿ ತುಂಗೆಯ ದಡದ ಹೊಸಹಳ್ಳಿಯಲ್ಲಿ ಗಮಕವೇ ಮನೆಮಾತು. ಅಲ್ಲಿನ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ನಮಗೇ ಬಂದಂತೆ ಸಂಭ್ರಮಿಸಿದೆವು. ಕುಮಾರವ್ಯಾಸ ಬರೆದದ್ದು ಹತ್ತು ಪರ್ವ, ಅದರಲ್ಲಿ ಐದನೆಯದು ಉದ್ಯೋಗಪರ್ವ, ಅಂದರೆ ನಟ್ಟನಡುವಿನ ಸಂಪುಟ. ವನವಾಸ ಮುಗಿದಿದೆ, ಅಜ್ಞಾತವಾಸ ಮುಗಿದಿದೆ, ಯುದ್ಧ ಇನ್ನೂ ಶುರುವಾಗಿಲ್ಲ. ಲೆಕ್ಕದ ಹಾಳೆಯಲ್ಲಿ ಬರೆಯಲು ಹೊರಟರೆ ‘ರಾಯಭಾರ, ಮಾತು, ಮತ್ತೆ ರಾಯಭಾರ’ ಎಂದೇ ಬರೆಯಬೇಕಾದೀತು. ಮಳೆಗಾಲದಲ್ಲಿ ಮೇಳಗಳ ತಿರುಗಾಟ ನಿಂತು, ವೇಷ ಕಳಚಿದ ಕಲಾವಿದರು ತಾಳಮದ್ದಳೆಗೆ ಕುಳಿತಾಗ ಜನ ಮತ್ತೆ ಮತ್ತೆ ಕೇಳುವ ಪ್ರಸಂಗಗಳಲ್ಲಿ ಕೃಷ್ಣ ಸಂಧಾನ ಒಂದು. ಸಂಧಾನ ಮುರಿದುಬೀಳುತ್ತದೆಂದು ಚಪ್ಪರದ ಕೆಳಗೆ ಕುಳಿತ ಮಗುವಿಗೂ ಗೊತ್ತು. ಹಾಗಿರುವಾಗ ಗೊತ್ತಿರುವುದು ಅಲ್ಲಿ ದೋಷವಾಗದೆ ಇಲ್ಲಿ ಏಕೆ ದೋಷವಾಯಿತು?

ನನಗೆ ತೋಚುವ ಉತ್ತರ ಇದು. ಸಂಧಾನದಲ್ಲಿ ಕೇಳುಗನಿಗೆ ಕೊನೆ ಗೊತ್ತು, ಆದರೆ ಕೌರವನ ಬಾಯಿಂದ ಈ ರಾತ್ರಿ ಯಾವ ವಾದ ಬರುತ್ತದೆಂಬುದು ಗೊತ್ತಿಲ್ಲ. ಐದು ಊರು ಸಾಕೆಂಬ ಬೇಡಿಕೆ ನ್ಯಾಯವೇ, ಅದನ್ನು ಕೊಡದಿರಲು ಅವನ ಬಳಿ ಏನಾದರೂ ಕಾರಣವಿದೆಯೇ, ಕೃಷ್ಣ ನಿಜವಾಗಿಯೂ ಶಾಂತಿಗಾಗಿ ಬಂದವನೇ ಎಂಬ ಪ್ರಶ್ನೆಗಳು ಪ್ರತಿ ಸಲವೂ ತೆರೆದೇ ಇರುತ್ತವೆ. ಒಳ್ಳೆಯ ಅರ್ಥಧಾರಿ ಕೌರವನ ಪಾತ್ರ ವಹಿಸಿದ ರಾತ್ರಿ ಸಭೆಯ ಅರ್ಧ ಜನ ಅವನ ಕಡೆಗೇ ವಾಲುವುದನ್ನು ನಾನು ಕಂಡಿದ್ದೇನೆ. ಸಂಧಾನ ಮುರಿದ ಮೇಲೆ ಕೃಷ್ಣ ಕರ್ಣನನ್ನು ರಥಕ್ಕೆ ಹತ್ತಿಸಿಕೊಂಡು ಅವನ ಜನ್ಮದ ಗುಟ್ಟನ್ನು ಹೇಳುವಾಗಲೂ ಹಾಗೆಯೇ: ಗುಟ್ಟು ನಮಗೆ ಗೊತ್ತು, ಆದರೆ ಅದು ಕಿವಿಗೆ ಬಿದ್ದ ಮೇಲೆ ಅವನು ಮೊದಲಿನ ಕರ್ಣನಾಗಿ ಉಳಿಯುವುದಿಲ್ಲ. ಪಾತ್ರದ ಅಜ್ಞಾನ ಅಲ್ಲಿ ಒಂದು ತೀರ್ಮಾನವಾಗಿ ಮಾಗುತ್ತದೆ. ಹತ್ತನೆಯ ಸಂಪುಟದಲ್ಲಿ ಬೆಳಕನ್ನು ಕಂಡ ಬಹುಪಾಲು ಜನ ಗಾಬರಿಗೊಂಡು, ಸ್ವಲ್ಪ ಹೊತ್ತು ಊಹಿಸಿ, ತಮ್ಮ ಹಿಂದಿನ ಕೆಲಸಕ್ಕೇ ಮರಳುತ್ತಾರೆ. ಒಂದು ಕಡೆ ಮಾತ್ರ ಹಾಗಾಗುವುದಿಲ್ಲ. ಎಗ್ವೇನ್‌ಳ ಶಿಬಿರದ ಹಿರಿಯ ಹೆಂಗಸರು ಆ ಬೆಳಕನ್ನು ವೈರಿಗಳದೆಂದು ತಪ್ಪಾಗಿ ತಿಳಿದು, ಆ ಭಯದಲ್ಲಿ, ತಾವು ಎಂದೂ ನಂಬದ ಗಂಡಸರ ಜೊತೆ ಒಪ್ಪಂದಕ್ಕೆ ಮುಂದಾಗಲು ಮತ ಹಾಕುತ್ತಾರೆ. ಆ ಸಭೆಯ ದೃಶ್ಯವನ್ನು ಉತ್ತರ ಗೊತ್ತಿದ್ದೂ ಉಸಿರು ಬಿಗಿಹಿಡಿದು ಓದಬಹುದು. ಅವರ ತಪ್ಪು ತಿಳಿವಳಿಕೆ ಕಥೆಯನ್ನು ಮುಂದೆ ತಳ್ಳುವುದು ನಮ್ಮ ಕಣ್ಣಿಗೆ ಬೀಳುತ್ತದೆ. ಉಳಿದ ಎಳೆಗಳಲ್ಲಿಯೂ ಇದು ಸಾಧ್ಯವಾಗಿದ್ದರೆ ನಾವು ಇಂದು ಬೇರೆಯೇ ಮಾತನ್ನು ಆಡುತ್ತಿದ್ದೆವು. ಮ್ಯಾಟ್‌ನ ಪ್ರಣಯದ ಅಧ್ಯಾಯಗಳು ಲಘುವಾಗಿ ಓದಿಸಿಕೊಂಡು ಹೋಗುತ್ತವೆ, ಅವುಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಇಲೇನ್‌ಳ ಅಧ್ಯಾಯಗಳ ಬಗ್ಗೆ ನಮ್ಮ ಇಂಜಿನಿಯರಿಂಗ್ ಹುಡುಗನ ಹಾಳೆಗೆ ನನ್ನದೂ ಸಹಿ ಇದೆ.

ಪೆರಿನ್‌ನ ಕೊಡಲಿಯ ವಿಚಾರ ಹೇಳದೆ ಈ ಸಂಪುಟವನ್ನು ಕೆಳಗಿಡಲಾರೆ. ಪೆರಿನ್ ಕಮ್ಮಾರನ ಬಳಿ ಕೆಲಸ ಕಲಿತ ಹುಡುಗ, ಸಾಧು ಸ್ವಭಾವದವನು. ಮೊದಲ ಸಂಪುಟದಲ್ಲಿ, ಅಂದರೆ 1990ರಲ್ಲಿ, ಕಾಡಿನಲ್ಲಿ ಸಿಕ್ಕ ಎಲಿಯಾಸ್ ಎಂಬ ಹಿರಿಯ ಅವನಿಗೆ ಒಂದು ಬುದ್ಧಿಮಾತು ಹೇಳಿರುತ್ತಾನೆ: ಈ ಕೊಡಲಿಯ ಮೇಲೆ ನಿನಗೆ ಹೇಸಿಗೆ ಇರುವವರೆಗೆ ಇಟ್ಟುಕೋ, ಅದನ್ನು ಬೀಸುವುದು ಹಿತವೆನಿಸಿದ ದಿನ ದೂರ ಎಸೆದುಬಿಡು ಎಂಬರ್ಥದ್ದು. ಹತ್ತನೆಯ ಸಂಪುಟದಲ್ಲಿ, ಹೆಂಡತಿಯ ಸುಳಿವಿಗಾಗಿ ಸೆರೆಯಾಳುಗಳನ್ನು ವಿಚಾರಿಸುವಾಗ, ಪೆರಿನ್ ಅದೇ ಕೊಡಲಿಯಿಂದ ಒಬ್ಬನ ಕೈ ಕಡಿಯುತ್ತಾನೆ. ಉಳಿದವರಿಗೂ ಇದೇ ಗತಿಯೆಂದು ತಣ್ಣನೆಯ ದನಿಯಲ್ಲಿ ಹೇಳುತ್ತಾನೆ. ಹೊರಬಂದು ಕೊಡಲಿಯನ್ನು ಒಂದು ಮರಕ್ಕೆ ಕಚ್ಚಿಸಿ, ತಿರುಗಿ ನೋಡದೆ ಹೋಗುತ್ತಾನೆ. ಸೊಂಟದಲ್ಲಿ ಉಳಿಯುವುದು ಸುತ್ತಿಗೆ ಮಾತ್ರ. 2010ರ ಹದಿಮೂರನೆಯ ಸಂಪುಟದಲ್ಲಿ ಅವನು ಕುಲುಮೆಯ ಮುಂದೆ ನಿಂತು ತನಗೊಂದು ಹೊಸ ಸುತ್ತಿಗೆಯನ್ನು ಬಡಿದು ಮಾಡಿಕೊಳ್ಳುವ ಅಧ್ಯಾಯವನ್ನು ಸರಣಿಯ ಓದುಗರು ಕೊಂಡಾಡುತ್ತಾರೆ. ಅದನ್ನು ಬರೆದು ಮುಗಿಸಿದ್ದು ಸ್ಯಾಂಡರ್ಸನ್. ಬೀಜ 1990, ಕೊಯ್ಲು 2010; ನಡುವೆ ಕೊಡಲಿ ಮರಕ್ಕೆ ಕಚ್ಚಿದ್ದು ಎಲ್ಲರೂ ಬಯ್ಯುವ ಈ ಪುಸ್ತಕದಲ್ಲಿ.

ಅಡಿಕೆ ತೋಟವಿರುವ ಸದಸ್ಯರೊಬ್ಬರು ಇದನ್ನು ತಮ್ಮ ರೀತಿಯಲ್ಲಿ ಹೇಳಿದರು. ಸಸಿ ನೆಟ್ಟ ವರ್ಷ ನೋಡಲು ಬಂದವರೆಲ್ಲ ಚೆನ್ನಾಗಿದೆ ಎನ್ನುತ್ತಾರೆ, ಕೊನೆ ತೆಗೆಯುವ ವರ್ಷವೂ ಎನ್ನುತ್ತಾರೆ. ನಾಲ್ಕನೆಯ ವರ್ಷ ತೋಟಕ್ಕೆ ಯಾರೂ ಬರುವುದಿಲ್ಲ, ಬಂದರೂ ಸೊಳ್ಳೆ ಜಾಸ್ತಿ ಎಂದು ಹೇಳಿ ಹೋಗುತ್ತಾರೆ ಎಂದು. ನನಗೆ ಹೋಲಿಕೆ ಇಷ್ಟವಾಯಿತು, ಆದರೆ ಪೂರ್ತಿ ಒಪ್ಪಲಿಲ್ಲ. ನಾಲ್ಕನೆಯ ವರ್ಷದ ತೋಟಕ್ಕೆ ಯಾರೂ ಪುಸ್ತಕದ ಬೆಲೆ ಕೊಟ್ಟು ಬರುವುದಿಲ್ಲ. ಈ ಸಂಪುಟದ ಪೀಠಿಕಾ ಭಾಗವನ್ನಂತೂ ಪುಸ್ತಕ ಬರುವುದಕ್ಕೆ ತಿಂಗಳುಗಳ ಮೊದಲೇ, 2002ರಲ್ಲಿ, ಇ-ಪುಸ್ತಕವಾಗಿ ಬೇರೆಯಾಗಿಯೇ ಮಾರಿದ್ದರು. ಕಾಸು ಕೊಟ್ಟು ಕಾದವರಿಗೆ ಬೇಸರವನ್ನು ಹೇಳಿಕೊಳ್ಳುವ ಹಕ್ಕಿದೆ.

ಅಂಥ ಒಬ್ಬರು ನಮ್ಮ ಕೂಟದಲ್ಲಿಯೇ ಇದ್ದಾರೆ. ದುರ್ಗಿಗುಡಿಯ ಕಡೆ ಔಷಧಿ ಅಂಗಡಿ ನಡೆಸುವ ಇವರು 2003ರಲ್ಲಿಯೇ ಈ ಪುಸ್ತಕವನ್ನು ಬೆಂಗಳೂರಿನಿಂದ ತರಿಸಿಕೊಂಡು ಓದಿದವರು, ಅಲ್ಲಿಗೇ ಸರಣಿಯನ್ನು ಬಿಟ್ಟವರು. ಇಪ್ಪತ್ತು ವರ್ಷಗಳಿಂದ ಈ ಸಂಪುಟದ ಮಾತು ಬಂದಾಗಲೆಲ್ಲ “ಅದರಲ್ಲಿ ಏನೂ ಆಗಲ್ಲ ಬಿಡಿ” ಎಂದು ಹೇಳುತ್ತ ಬಂದಿದ್ದಾರೆ. ಕಳೆದ ಸಭೆಗೆ ಅದೇ ಹಳೆಯ ಪ್ರತಿಯನ್ನು ತಂದಿದ್ದರು. ಅಂಚು ಹಳದಿಯಾಗಿ, ಮಲೆನಾಡಿನ ಥಂಡಿಗೆ ರಟ್ಟಿನ ಮೇಲೆ ಬೂಷ್ಟು ಹಿಡಿದು ಒರೆಸಿದ ಗುರುತಿತ್ತು. ಅದನ್ನು ತಿರುವುತ್ತಿದ್ದಾಗ ಒಳಗಿನಿಂದ ಸಾಗರದ ಬಸ್ಸಿನ ಒಂದು ಟಿಕೆಟು ಕೆಳಗೆ ಬಿತ್ತು. ಅದು ಇದ್ದ ಪುಟವನ್ನು ನಮ್ಮ ಅಕ್ಕನವರು ನೋಡಿದರು. ಮೂವತ್ತನೆಯ ಅಧ್ಯಾಯ ಶುರುವಾಗುವ ಸ್ವಲ್ಪ ಮೊದಲು.

ಮೂವತ್ತನೆಯದೇ ಕೊನೆಯ ಅಧ್ಯಾಯ. ಮುತ್ತಿಗೆಯನ್ನು ಮುಗಿಸಲು, ನಗರದ ಬಂದರಿಗೆ ಅಡ್ಡಲಾಗಿ ಕಟ್ಟಿದ ಕಬ್ಬಿಣದ ಸರಪಳಿಯನ್ನು ಎಂದೂ ಮುರಿಯದ ವಸ್ತುವಾಗಿ ಮಾರ್ಪಡಿಸಬೇಕಾಗಿರುತ್ತದೆ. ಆ ಕೆಲಸಕ್ಕೆ ಬೇರೆಯವರನ್ನು ಕಳಿಸದೆ ಎಗ್ವೇನ್ ತಾನೇ ರಾತ್ರಿ ದೋಣಿಯಲ್ಲಿ ಹೋಗುತ್ತಾಳೆ, ಅಲ್ಲಿಯೇ ಸೆರೆ ಸಿಕ್ಕುತ್ತಾಳೆ. ಮುಂದಿನ ಎರಡು ಸಂಪುಟಗಳಲ್ಲಿ ಅವಳ ಕಥೆಗೆ ಸಿಗುವ ಎತ್ತರವೆಲ್ಲ ಇಲ್ಲಿಂದ ಶುರು. ಔಷಧಿ ಅಂಗಡಿಯವರಿಗೆ ಇದು ಗೊತ್ತೇ ಇರಲಿಲ್ಲ. ಸಭೆಯಲ್ಲಿ ಒಂದು ಕ್ಷಣ ಮೌನ, ಆಮೇಲೆ ದೊಡ್ಡ ನಗು. ಅವರು ನಗುತ್ತಲೇ ಟಿಕೆಟನ್ನು ಎತ್ತಿಕೊಂಡು, ಪುಸ್ತಕವನ್ನು ಮನೆಗೆ ಒಯ್ದು, ಆ ಅಧ್ಯಾಯವನ್ನು ಅದೇ ರಾತ್ರಿ ಓದಿದರಂತೆ. ಮೊನ್ನೆ ಅಂಗಡಿಯಲ್ಲಿ ಸಿಕ್ಕಾಗ ಹೇಗಿತ್ತೆಂದು ಕೇಳಿದೆ. ಶೀಟಿನಿಂದ ನನ್ನ ರಕ್ತದೊತ್ತಡದ ಮಾತ್ರೆಗಳನ್ನು ಕತ್ತರಿಸಿ ಕೊಡುತ್ತ, “ಅಧ್ಯಾಯ ಬಹಳ ಚೆನ್ನಾಗಿದೆ ಸಾರ್, ಸುಳ್ಳು ಹೇಳಲ್ಲ. ಆದರೆ ಅದನ್ನು ಹೇಳೋಕೆ ನನ್ನನ್ನು ಆರುನೂರು ಪುಟ ನಡೆಸಬೇಕಿತ್ತಾ?” ಎಂದರು. ನಾನು ಸೋ ಹಾಬರಿನ ಧಾನ್ಯದ ಮಾತೆತ್ತಿದೆ. “ಆ ಹುಳದ ಕಥೆ ಅಕ್ಕಂಗೆ ಬಿಡಿ” ಎಂದು ಚಿಲ್ಲರೆ ಎಣಿಸಿಕೊಟ್ಟರು. ಹನ್ನೊಂದನೆಯ ಸಂಪುಟ ಕೂಟದಲ್ಲಿ ಯಾರ ಬಳಿ ಇದೆಯೆಂದು ಕೇಳಿದ್ದು ನಾನು ಮೆಟ್ಟಿಲಿಳಿದು ಕೊಡೆ ಬಿಚ್ಚುವಾಗ.